ಯಾರ ಊರಿಗೆ ಯಾರು ಹೋಗಬೇಕು?

ನಾವು ನೋಡಿ ಬೆಳೆದ ಪ್ರೇಮದ ಸಿನಿಮಾಗಳಲ್ಲಿ ಅಡ್ಡಿ ಹೊರಗಿನಿಂದ ಬರುತ್ತಿತ್ತು. ಒಪ್ಪದ ಅಪ್ಪ ಇರುತ್ತಿದ್ದ, ಇಲ್ಲವೇ ಜಾತಿ, ಇಲ್ಲವೇ ದುಡ್ಡು. ಹುಡುಗ ಹುಡುಗಿ ಮಾತ್ರ ಒಂದೇ ಮನಸ್ಸಿನಿಂದ ಗಟ್ಟಿಯಾಗಿ ನಿಲ್ಲುತ್ತಿದ್ದರು. 2012ರಲ್ಲಿ ಬಂದ ‘ದಿ ಫೈವ್-ಇಯರ್ ಎಂಗೇಜ್‌ಮೆಂಟ್’ ಎಂಬ ಹಾಲಿವುಡ್ ಸಿನಿಮಾದಲ್ಲಿ ಎರಡೂ ಮನೆಯವರು ಒಪ್ಪಿದ್ದಾರೆ. ಹೊಟ್ಟೆಬಟ್ಟೆಗೆ ಕೊರತೆ ಇಲ್ಲ. ಹುಡುಗನಿಗೂ ಹುಡುಗಿಗೂ ಒಬ್ಬರೆಂದರೆ ಒಬ್ಬರಿಗೆ ಪ್ರಾಣ. ಆದರೂ ನಿಶ್ಚಿತಾರ್ಥ ಆದಮೇಲೆ ಮದುವೆ ವರ್ಷಗಟ್ಟಲೆ ಮುಂದೆ ಹೋಗುತ್ತಲೇ ಇರುತ್ತದೆ. ಅವನ ಕೆಲಸ ಒಂದು ಊರಿನಲ್ಲಿ, ಅವಳಿಗೆ ಕೆಲಸ ಸಿಕ್ಕಿದ್ದು ಇನ್ನೊಂದು ಊರಿನಲ್ಲಿ. ಜಗಳದ ಬೇರು ಇಷ್ಟೇ.

ಕಾಸರಗೋಡಿನವರಿಗೆ ಇದು ದೂರದ ಕತೆ ಅಂತ ನನಗೆ ಅನ್ನಿಸಲೇ ಇಲ್ಲ. ನನ್ನ ತವರು ಪೆರ್ಲದ ಹತ್ತಿರ. ನಾನು ಮದುವೆಯಾಗಿ ಬಂದದ್ದು ವಿಟ್ಲದ ಕಡೆಗೆ. ಪೆರ್ಲ ಕೇರಳದಲ್ಲಿ, ವಿಟ್ಲ ಕರ್ನಾಟಕದಲ್ಲಿ, ನಡುವೆ ಸಾರಡ್ಕದ ಗಡಿ. ತವರಿನಲ್ಲಿ ತಂಗಿಯ ನಿಶ್ಚಿತಾರ್ಥ, ನಮ್ಮಲ್ಲಿ ಬದ್ಧ ಅಂತ ಹೇಳುವುದು, ಮೊನ್ನೆ ಮೊನ್ನೆ ಆಯಿತು. ಅವಳು ಸರಕಾರಿ ಎಲ್.ಪಿ. ಶಾಲೆಯಲ್ಲಿ, ಅಂದರೆ ಕಿರಿಯ ಪ್ರಾಥಮಿಕ ಶಾಲೆಯಲ್ಲಿ, ಕನ್ನಡ ಮಾಧ್ಯಮದ ಟೀಚರ್. ಹುಡುಗ ಸುಳ್ಯದ ಕಡೆಯವನು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಜಾತಕ ಕೂಡಿತು, ಮನೆ ನೋಡಿ ಆಯಿತು, ಇಬ್ಬರೂ ಮಾತಾಡಿ ಒಪ್ಪಿದರು. ಯಾರ ಊರಿಗೆ ಯಾರು ಹೋಗಬೇಕು ಎಂಬ ಒಂದು ಪ್ರಶ್ನೆ ಮಾತ್ರ ಉಳಿಯಿತು. ಅದೇ ಸಮಯದಲ್ಲಿ ಅಕ್ಕತಂಗಿ ಇಬ್ಬರೂ ಕೂತು ಈ ಸಿನಿಮಾ ನೋಡಿದೆವು. ನೋಡಿದ ಮೇಲೆ ಅದರ ಬಗ್ಗೆ ನಾವು ಮಾತಾಡಿದ್ದು ಸಿನಿಮಾಕ್ಕಿಂತ ಜಾಸ್ತಿ ಹೊತ್ತು.

ಮೊದಲು ಕತೆ ಹೇಳಿಬಿಡುತ್ತೇನೆ. ಕೊನೆಯ ತನಕ ಹೇಳುತ್ತೇನೆ, ಬೇಡ ಅನ್ನುವವರು ಸಿನಿಮಾ ನೋಡಿಯೇ ಬನ್ನಿ.

ಟಾಮ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಒಳ್ಳೆಯ ಹೋಟೆಲಿನಲ್ಲಿ ಶೆಫ್. ಆ ಪಾತ್ರ ಮಾಡಿದ ಜೇಸನ್ ಸೀಗಲ್, ನಿರ್ದೇಶಕ ನಿಕೋಲಸ್ ಸ್ಟೋಲರ್ ಜೊತೆ ಸೇರಿ ಕತೆಯನ್ನೂ ಬರೆದಿದ್ದಾನೆ. ವಯೊಲೆಟ್ ಆಗಿ ಎಮಿಲಿ ಬ್ಲಂಟ್. ಅವಳು ಇಂಗ್ಲೆಂಡಿನವಳು, ಓದಿದ್ದು ಮನಃಶಾಸ್ತ್ರ. ಇಬ್ಬರೂ ಭೇಟಿಯಾಗುವುದು ಹೊಸ ವರ್ಷದ ಹಿಂದಿನ ರಾತ್ರಿಯ ಒಂದು ವೇಷದ ಪಾರ್ಟಿಯಲ್ಲಿ. ಅವನದು ಗುಲಾಬಿ ಬಣ್ಣದ ಮೊಲದ ವೇಷ, ಅವಳದು ರಾಜಕುಮಾರಿ ಡಯಾನಾಳದು. ಒಂದು ವರ್ಷ ಕಳೆದ ಮೇಲೆ ಅವನು ಉಂಗುರ ಹಿಡಿದು ಗುಟ್ಟಾಗಿ ಏರ್ಪಾಡು ಮಾಡುತ್ತಾನೆ. ಗುಟ್ಟು ದಾರಿಯಲ್ಲೇ ಬಯಲಾಗಿಬಿಡುತ್ತದೆ. ಆದರೂ ಅವಳು ಒಪ್ಪುತ್ತಾಳೆ. ನಿಶ್ಚಿತಾರ್ಥದ ಪಾರ್ಟಿಯಲ್ಲಿ ಅವಳ ತಂಗಿ ಸೂಸಿಗೂ ಟಾಮ್‌ನ ಗೆಳೆಯ ಅಲೆಕ್ಸ್‌ಗೂ ಪರಿಚಯ ಆಗಿ, ಅವರ ಮದುವೆಯೇ ಮೊದಲು ಮುಗಿಯುತ್ತದೆ. ಮಕ್ಕಳೂ ಆಗುತ್ತವೆ. ಅಕ್ಕನ ಮದುವೆ ಮಾತ್ರ ನಿಂತಲ್ಲೇ ನಿಂತಿರುತ್ತದೆ.

ನಿಲ್ಲುವುದಕ್ಕೆ ಕಾರಣ ಮಿಶಿಗನ್. ವಯೊಲೆಟ್‌ಗೆ ಹತ್ತಿರದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಅವಕಾಶ ಸಿಗುವುದಿಲ್ಲ. ಸಿಗುವುದು ಮೂರು ಸಾವಿರಕ್ಕೂ ಜಾಸ್ತಿ ಕಿಲೋಮೀಟರ್ ದೂರದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ. ಟಾಮ್ ಒಂದು ಕ್ಷಣವೂ ಯೋಚಿಸದೆ ಬರುತ್ತೇನೆ ಅನ್ನುತ್ತಾನೆ. ಎರಡು ವರ್ಷ ತಾನೇ, ಮದುವೆ ಆಮೇಲೆ ಮಾಡಿಕೊಂಡರಾಯಿತು. ಕೆಲಸ ಬಿಡುವ ದಿನ ಅವನಿಗೆ ಒಂದು ವಿಷಯ ಗೊತ್ತಾಗುತ್ತದೆ. ಹೊಸದಾಗಿ ತೆರೆಯುವ ಹೋಟೆಲಿಗೆ ಅವನನ್ನೇ ಮುಖ್ಯ ಶೆಫ್ ಮಾಡಬೇಕು ಅಂತ ಯಜಮಾನಿ ಎಣಿಸಿದ್ದಳು. ಆ ಜಾಗ ಈಗ ಅಲೆಕ್ಸ್‌ನ ಪಾಲಾಗುತ್ತದೆ. ಮಿಶಿಗನ್‌ನಲ್ಲಿ ಟಾಮ್‌ಗೆ ಸಿಗುವುದು ಸ್ಯಾಂಡ್‌ವಿಚ್ ಅಂಗಡಿಯ ಕೆಲಸ. ಹಿಮ ಬೀಳುತ್ತದೆ. ಗಡ್ಡ ಬೆಳೆಯುತ್ತದೆ. ಬೇಟೆ ಕಲಿಯುತ್ತಾನೆ. ಅವಳು ಕೇಳಿದಾಗಲೆಲ್ಲ ‘ಚೆನ್ನಾಗಿದ್ದೇನೆ’ ಎಂದೇ ಹೇಳುತ್ತಾನೆ.

ತಂಗಿ ಸಿನಿಮಾ ನಿಲ್ಲಿಸಿದ್ದು ಇಲ್ಲಿ. “ಅಕ್ಕಾ, ಇವನು ಎಂತಕ್ಕೆ ಬಾಯಿ ಬಿಟ್ಟು ಹೇಳುವುದಿಲ್ಲ?” ಅಂತ ಕೇಳಿದಳು. ಅವಳ ದನಿಯಲ್ಲಿ ಸಿಟ್ಟೇ ಇತ್ತು.

ಯಾಕೆ ಹೇಳುವುದಿಲ್ಲ ಅಂದರೆ ಅವನು ಒಳ್ಳೆಯವನು. ಸಿನಿಮಾ ಇದನ್ನು ಬಹಳ ಸರಿಯಾಗಿ ಹಿಡಿದಿದೆ ಅಂತ ನನ್ನ ಅಭಿಪ್ರಾಯ. ಸ್ವಾರ್ಥಿಯಾಗಿದ್ದರೆ ಅವನು ಮೊದಲ ದಿನವೇ ‘ನಾನು ಬರುವುದಿಲ್ಲ’ ಅನ್ನುತ್ತಿದ್ದ. ಜಗಳ ಆಗುತ್ತಿತ್ತು, ಏನೋ ಒಂದು ತೀರ್ಮಾನವೂ ಆಗುತ್ತಿತ್ತು. ಒಳ್ಳೆಯವನಾದ್ದರಿಂದ ತನಗಾದ ನಷ್ಟವನ್ನು ಬಾಯಿಮುಚ್ಚಿ ನುಂಗುತ್ತಾನೆ. ನುಂಗಿದ್ದು ಕರಗುವುದಿಲ್ಲ. ವಯೊಲೆಟ್‌ಗೆ ಅಲ್ಲಿನ ಕೆಲಸ ಮುಂದುವರಿಯುತ್ತದೆ ಅಂತ ಆದಾಗ ಅವನಿಗೆ ಖುಷಿಪಡಲು ಆಗುವುದಿಲ್ಲ. ಖುಷಿಪಡಲು ಆಗಲಿಲ್ಲ ಅಂತ ಒಪ್ಪಿಕೊಳ್ಳಲೂ ಆಗುವುದಿಲ್ಲ. ಅವಳಿಗೂ ಏನೋ ಸರಿಯಿಲ್ಲ ಅಂತ ಗೊತ್ತು. ಆದರೆ ಅವನೇ ಚೆನ್ನಾಗಿದ್ದೇನೆ ಅನ್ನುವಾಗ ಹೇಗೆ ಕೆದಕುವುದು?

ಇದೆಲ್ಲ ಒಡೆಯುವ ರಾತ್ರಿಯ ದೃಶ್ಯ ಒಂದಿದೆ. ಹಾಸಿಗೆಯಲ್ಲಿ ಜಗಳ. ಮಾತು ಎಲ್ಲೆಲ್ಲೋ ಹೋಗುತ್ತದೆ. ಕೊನೆಗೆ ಟಾಮ್ ತನಗೆ ಸ್ವಲ್ಪ ಹೊತ್ತು ಒಬ್ಬನೇ ಇರಬೇಕು ಅನ್ನುತ್ತಾನೆ. ಅವಳು ಎದ್ದು ಹೊರಡುತ್ತಾಳೆ. ಕೂಡಲೇ ಅವನು, ಹೋಗಬೇಡ, ಒಬ್ಬನೇ ಇರಬೇಕು, ಆದರೆ ನೀನು ಇಲ್ಲೇ ಇರಬೇಕು ಅನ್ನುತ್ತಾನೆ. ನಗು ಬರುವ ಹಾಗೆ ತೆಗೆದಿದ್ದಾರೆ, ನಮಗೂ ನಗು ಬಂತು. ಆದರೆ ಮದುವೆಯಾಗಿ ಸಂಸಾರ ಮಾಡಿದವರಿಗೆ ಆ ಮಾತು ಎಷ್ಟು ನಿಜ ಅಂತ ಗೊತ್ತು. ಸಿಟ್ಟು ಬಂದಿರುವುದೂ ಅವಳ ಮೇಲೆ, ಸಮಾಧಾನ ಬೇಕಾಗಿರುವುದೂ ಅವಳಿಂದಲೇ. ಇಡೀ ಸಿನಿಮಾದಲ್ಲಿ ನನಗೆ ಅತಿ ಇಷ್ಟವಾದದ್ದು ಈ ದೃಶ್ಯ.

ಇನ್ನು ನಮ್ಮ ಕಡೆಯ ವಿಷಯಕ್ಕೆ ಬರುತ್ತೇನೆ.

ಕಾಸರಗೋಡಿನ ಕನ್ನಡ ಮನೆಗಳಲ್ಲಿ ಗಡಿ ದಾಟಿ ಸಂಬಂಧ ಮಾಡುವುದು ಹೊಸತೇನಲ್ಲ. 1956ರ ನವೆಂಬರ್ 1ರ ತನಕ ಪುತ್ತೂರು, ಕಾಸರಗೋಡು ಎಲ್ಲ ಒಂದೇ ದಕ್ಷಿಣ ಕನ್ನಡ ಜಿಲ್ಲೆ, ಮದ್ರಾಸಿನ ಆಡಳಿತಕ್ಕೆ ಸೇರಿದ್ದು. ರಾಜ್ಯಗಳನ್ನು ವಿಂಗಡಿಸುವಾಗ ಕಾಸರಗೋಡು ಕೇರಳಕ್ಕೆ ಹೋಯಿತು. ಚಂದ್ರಗಿರಿ ನದಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ 1967ರಲ್ಲಿ ಮಹಾಜನ ಆಯೋಗ ಹೇಳಿದ್ದೂ ಕಾಗದದಲ್ಲೇ ಉಳಿಯಿತು. ನೆಂಟಸ್ತನ ಮಾತ್ರ ಗಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಮ್ಮ ಅಜ್ಜಿ ಬಂದದ್ದು ಪುತ್ತೂರಿನಿಂದ, ಅತ್ತೆ ಹೋದದ್ದು ಬಂಟ್ವಾಳಕ್ಕೆ, ನಾನು ವಿಟ್ಲಕ್ಕೆ. ಆಗ ಹೆಣ್ಣುಮಕ್ಕಳು ಮನೆಯಿಂದ ಮನೆಗೆ ಹೋಗುತ್ತಿದ್ದರು. ಈ ತೋಟದಿಂದ ಆ ತೋಟಕ್ಕೆ, ಈ ಅಡುಗೆಮನೆಯಿಂದ ಆ ಅಡುಗೆಮನೆಗೆ. ರಾಜ್ಯ ಬೇರೆಯಾದರೆ ರೇಷನ್ ಕಾರ್ಡ್ ಬದಲಾಗುತ್ತಿತ್ತು ಅಷ್ಟೇ.

ಹೆಣ್ಣುಮಕ್ಕಳಿಗೆ ಸರಕಾರಿ ಕೆಲಸ ಬಂದ ಮೇಲೆ ಗಡಿ ನಿಜವಾಗಿ ಗಡಿಯಾಯಿತು. ತಂಗಿಯ ಹುದ್ದೆಯನ್ನೇ ನೋಡಿ. ಎಲ್.ಪಿ. ಸ್ಕೂಲ್ ಟೀಚರ್, ಕನ್ನಡ ಮಾಧ್ಯಮ. ಕಾಸರಗೋಡಿನ ಕನ್ನಡ ಶಾಲೆಗಳಿಗಾಗಿ ಕೇರಳ ಪಿ.ಎಸ್.ಸಿ., ಅಂದರೆ ಅಲ್ಲಿನ ಲೋಕಸೇವಾ ಆಯೋಗ, ಕರೆಯುವ ಹುದ್ದೆ ಅದು. ಮೊದಲು ಟಿ.ಟಿ.ಸಿ. ಅನ್ನುತ್ತಿದ್ದ ಶಿಕ್ಷಕರ ತರಬೇತಿ ಮಾಡಬೇಕು, ಕೆ-ಟೆಟ್ ಎಂಬ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾಗಬೇಕು, ಪಿ.ಎಸ್.ಸಿ. ಪರೀಕ್ಷೆ ಬರೆಯಬೇಕು, ಸಂದರ್ಶನ ಮುಗಿಸಬೇಕು, ರ‍್ಯಾಂಕ್ ಲಿಸ್ಟಿನಲ್ಲಿ ಹೆಸರು ಬರಬೇಕು. ಲಿಸ್ಟಿಗೆ ಸಾಮಾನ್ಯವಾಗಿ ಹೆಚ್ಚೆಂದರೆ 3 ವರ್ಷದ ಆಯುಸ್ಸು. ಅಷ್ಟರೊಳಗೆ ನೇಮಕಕ್ಕೆ ಶಿಫಾರಸು ಮಾಡುವ ಅಡ್ವೈಸ್ ಮೆಮೊ ಬಂದರೆ ಬಂತು, ಇಲ್ಲವಾದರೆ ಮೊದಲಿನಿಂದ ಶುರು. ಅಂಚೆಯವನು ಬರುವ ಹೊತ್ತಿಗೆ ತಂಗಿ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದುದನ್ನು ನಾನು ನೋಡಿದ್ದೇನೆ. ಅಷ್ಟು ಕಾದು ಸಿಕ್ಕಿದ ಕೆಲಸ. ತಲಪಾಡಿಯ ಗಡಿ ದಾಟಿದರೆ ಅದಕ್ಕೆ ಬೆಲೆ ಇಲ್ಲ. ಕಾಸರಗೋಡಿನ ಶಾಲೆಯಿಂದ ಬೆಂಗಳೂರಿನ ಶಾಲೆಗೆ ವರ್ಗ ಅನ್ನುವುದು ಇಲ್ಲ, ಎರಡೂ ಬೇರೆ ಬೇರೆ ಸರಕಾರ.

ಗಂಡನಿರುವ ಕಡೆ ಹೋಗಿ ಇರುವುದಕ್ಕೆ ಕೇರಳ ಸರಕಾರಿ ನೌಕರರಿಗೆ ಸಂಬಳವಿಲ್ಲದ ರಜೆ ಇದೆ. ಹೆಂಡತಿ ಇರುವ ಕಡೆ ಹೋಗುವ ಗಂಡಸರಿಗೂ ಅದೇ ನಿಯಮ. ಮೊದಲು ಇಂಥ ರಜೆಯನ್ನು ಒಟ್ಟು 20 ವರ್ಷದ ತನಕ ಹಾಕಬಹುದಿತ್ತು. 2020ರಲ್ಲಿ ಅದನ್ನು 5 ವರ್ಷಕ್ಕೆ ಇಳಿಸಿದರು. ರಜೆಯ ವರ್ಷಗಳು ಸಂಬಳ ಏರುವುದಕ್ಕೆ ಲೆಕ್ಕಕ್ಕೆ ಬರುವುದಿಲ್ಲ. ನೆಂಟರಿಷ್ಟರು ನಿಶ್ಚಿತಾರ್ಥದ ಊಟದ ಪಂಕ್ತಿಯಲ್ಲೇ ಇದರ ಲೆಕ್ಕ ಹಾಕಿದರು. “ಐದು ವರ್ಷ ರಜೆ ಹಾಕು, ಆಮೇಲೆ ನೋಡುವ” ಅಂತ ಒಬ್ಬರು. “ರಾಜೀನಾಮೆ ಕೊಟ್ಟರೆ ಎಂತ, ಅವನ ಸಂಬಳ ಸಾಕಲ್ಲ” ಅಂತ ಇನ್ನೊಬ್ಬರು. ಹೋಳಿಗೆಗೆ ತುಪ್ಪ ಬಡಿಸುತ್ತಿದ್ದ ತಂಗಿಗೆ ಎಲ್ಲ ಕೇಳಿಸುತ್ತಿತ್ತು. ಅವಳು ಯಾರಿಗೂ ಉತ್ತರ ಕೊಡಲಿಲ್ಲ. ಆ ಮಾತುಗಳಲ್ಲಿ ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ ಅಂತ ನನಗೆ ಗೊತ್ತು. ಆದರೆ ಹುಡುಗ ಊರಿಗೆ ಬರಬಹುದು ಅನ್ನುವ ಮಾತನ್ನು ಆ ಪಂಕ್ತಿಯಲ್ಲಿ ಒಬ್ಬರೂ ಆಡಲಿಲ್ಲ.

ಇದಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಬಿಟ್ಟು ಬರೆದರೆ ಅನ್ಯಾಯ. ಊರಿನಲ್ಲೇ ಉಳಿದು ತೋಟ ನೋಡಿಕೊಳ್ಳುವ ಹುಡುಗರಿಗೆ ನಮ್ಮಲ್ಲಿ ಹೆಣ್ಣು ಸಿಗುವುದು ಕಷ್ಟವಾಗಿದೆ. ಅಡಿಕೆ ಕೃಷಿ ಮಾಡುವ ಒಳ್ಳೊಳ್ಳೆ ಹುಡುಗರು ನಲವತ್ತು ದಾಟಿಯೂ ಒಂಟಿಯಾಗಿ ಇದ್ದಾರೆ. ಬೆಂಗಳೂರಿನ ಹುಡುಗ ಅಂದರೆ ಮಾತ್ರ ಜಾತಕ ಹೊರಗೆ ಬರುತ್ತದೆ. ಗಡಿನಾಡ ಕನ್ನಡಿಗರ ಮೀಸಲಿನಲ್ಲಿ ಕರ್ನಾಟಕಕ್ಕೆ ಹೋಗಿ ಇಂಜಿನಿಯರಿಂಗ್ ಓದಿದವರು ಮತ್ತೆ ಊರಿಗೆ ಬರುವುದು ಕಡಿಮೆ. ಹಾಗಾಗಿ ಊರು ಬಿಡುವುದೇ ಸಹಜ, ಊರಿನಲ್ಲಿ ಉಳಿಯುತ್ತೇನೆ ಅನ್ನುವವರೇ ಕಾರಣ ಕೊಡಬೇಕು ಎಂಬ ಹಾಗಾಗಿದೆ. ತಂಗಿ ಉಳಿಯಬೇಕು ಅನ್ನುವುದಕ್ಕೆ ಕಾರಣ ಸಂಬಳ ಮಾತ್ರ ಅಲ್ಲ. ಅವಳ ಒಂದನೇ ಕ್ಲಾಸಿನಲ್ಲಿ ಮನೆಯಲ್ಲಿ ತುಳು ಆಡುವ ಮಕ್ಕಳು ಇದ್ದಾರೆ, ಮಲಯಾಳ ಆಡುವವರು, ಮರಾಠಿ ಆಡುವವರು, ಕೊಂಕಣಿ ಆಡುವವರು ಇದ್ದಾರೆ. ಅವರಿಗೆಲ್ಲ ಅವಳು ಕನ್ನಡದ ಅಕ್ಷರ ತಿದ್ದಿಸುತ್ತಾಳೆ. ಕನ್ನಡ ಓದಬಲ್ಲ ಒಬ್ಬ ಟೀಚರ್ ಗಡಿಯಲ್ಲಿ ಉಳಿಯುವುದು ದೊಡ್ಡ ವಿಷಯ ಅಂತ ನಾನು ನಂಬಿದ್ದೇನೆ. ಮದುವೆಯ ಮಾತಿನಲ್ಲಿ ಅದಕ್ಕೂ ಒಂದು ತೂಕ ಇರಬೇಕು.

ನನ್ನ ಮದುವೆಯಲ್ಲಿ ಇಂಥ ಪ್ರಶ್ನೆ ಬರಲೇ ಇಲ್ಲ. ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ, ಬಿಟ್ಟು ಬಂದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ, ಆಗ ಅದೇ ಕ್ರಮ. ನನ್ನ ಗಂಡ ನನಗೆ ಯಾವತ್ತೂ ಕಡಿಮೆ ಮಾಡಿದವರಲ್ಲ. ಆದರೂ ಜೂನ್ ತಿಂಗಳಲ್ಲಿ ಮಕ್ಕಳು ಹೊಸ ಕೊಡೆ ಹಿಡಿದು ಶಾಲೆಗೆ ಹೋಗುವುದನ್ನು ನೋಡುವಾಗ ನನಗೆ ಒಂದು ಬೇಸರ ಆಗುತ್ತಿತ್ತು. ಅದನ್ನು ಅವರಿಗೆ ಹೇಳಿದ್ದು ಎಷ್ಟೋ ವರ್ಷ ಕಳೆದ ಮೇಲೆ. “ಮೊದಲೇ ಹೇಳಬಾರದಿತ್ತಾ?” ಅಂದರು. ಹೇಳಿದ ದಿನದಿಂದ ಅದು ಹಗುರ ಆಯಿತು ಅನ್ನುವುದೂ ನಿಜ. ಟಾಮ್ ಮಿಶಿಗನ್‌ನ ಹಿಮದಲ್ಲಿ ಸುಮ್ಮನೆ ನಿಂತಾಗ ನನಗೆ ಅವನ ಮೇಲೆ ಕನಿಕರ ಬಂದದ್ದು ಇದೇ ಕಾರಣಕ್ಕೆ.

ಸಿನಿಮಾದಲ್ಲಿ ವಯೊಲೆಟ್ ಒಂದು ಪ್ರಯೋಗ ಮಾಡುತ್ತಾಳೆ. ಕೋಣೆಯಲ್ಲಿ ಹಳಸಲು ಡೋನಟ್‌ಗಳನ್ನು ಇಟ್ಟು, ಸ್ವಲ್ಪ ಹೊತ್ತು ಕಾದರೆ ತಾಜಾ ಡೋನಟ್ ಬರುತ್ತದೆ ಅಂತ ಹೇಳುವುದು. ಕಾಯದೆ ಹಳೆಯದನ್ನು ತಿನ್ನುವವರಿಗೆ ಜೀವನದಲ್ಲಿ ತಾಳ್ಮೆ ಕಡಿಮೆ ಅಂತ ಅವಳ ತರ್ಕ. ಟಾಮ್ ಒಂದು ದಿನ ಹಳೆಯ ಡೋನಟ್ ತಿಂದುಬಿಡುತ್ತಾನೆ. ಅವಳ ಮುಖ ಬಾಡುತ್ತದೆ. ಇದರ ಮೂಲ 1960ರ ದಶಕದ ಕೊನೆಯಲ್ಲಿ ವಾಲ್ಟರ್ ಮಿಶೆಲ್ ಸ್ಟ್ಯಾನ್‌ಫರ್ಡ್‌ನಲ್ಲಿ ಶುರು ಮಾಡಿದ ಪ್ರಸಿದ್ಧ ಪ್ರಯೋಗ. ಚಿಕ್ಕ ಮಕ್ಕಳ ಎದುರು ಮಾರ್ಷ್‌ಮೆಲೋ ಎಂಬ ಮೆತ್ತಗಿನ ಒಂದು ಸಿಹಿತಿಂಡಿ ಇಟ್ಟು, ಕಾದರೆ ಎರಡು ಅಂತ ಹೇಳುತ್ತಿದ್ದರು. ಕಾದ ಮಕ್ಕಳು ಮುಂದೆ ಓದಿನಲ್ಲಿ ಮುಂದಿದ್ದರು ಅಂತ ಆಮೇಲಿನ ವರದಿಗಳು ಬಂದವು. ಎಷ್ಟೋ ಮಂದಿ ಅಪ್ಪಅಮ್ಮಂದಿರು ಮನೆಯಲ್ಲೇ ಮಕ್ಕಳಿಗೆ ಈ ಪರೀಕ್ಷೆ ಮಾಡಿದ್ದಾರೆ.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. 2013ರಲ್ಲಿ ರಾಚೆಸ್ಟರ್ ವಿಶ್ವವಿದ್ಯಾಲಯದವರು ಒಂದು ತಿರುವು ಕೊಟ್ಟು ನೋಡಿದರು. ಕೆಲವು ಮಕ್ಕಳಿಗೆ ಮೊದಲು ಒಳ್ಳೆಯ ಬಣ್ಣದ ಕಡ್ಡಿ ತರುತ್ತೇವೆ ಅಂತ ಹೇಳಿ ತಂದುಕೊಟ್ಟರು. ಇನ್ನು ಕೆಲವರಿಗೆ ಅದೇ ಮಾತು ಕೊಟ್ಟು ಬರಿಗೈಯಲ್ಲಿ ವಾಪಸ್ ಬಂದರು. ಆಮೇಲೆ ಮಾರ್ಷ್‌ಮೆಲೋ ಇಟ್ಟರು. ಮಾತು ಉಳಿಸಿಕೊಂಡದ್ದನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮೋಸ ಹೋದವರು ಕಾದದ್ದು ಬರೀ 3 ನಿಮಿಷ. 2018ರಲ್ಲಿ ಇನ್ನೊಂದು ದೊಡ್ಡ ಅಧ್ಯಯನ ಬಂತು. ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಈ ಕಾಯುವಿಕೆಗೂ ಮುಂದಿನ ಓದಿಗೂ ಇರುವ ನಂಟು ಬಹಳ ಸಣ್ಣದು ಅಂತ ಅದು ಹೇಳಿತು. ಅಂದರೆ ಕಾಯುವುದು ಹುಟ್ಟುಗುಣ ಮಾತ್ರ ಅಲ್ಲ. ಕೊಟ್ಟ ಮಾತು ನಡೆಯುತ್ತದೆ ಅನ್ನುವ ಅನುಭವ ಇದ್ದವರು ಕಾಯುತ್ತಾರೆ.

ನಿಶ್ಚಿತಾರ್ಥ ಆದವರ ಪಾಡೂ ಇದೇ ಅಲ್ವಾ? ನಮ್ಮ ಹಿರಿಯರು ನಿಶ್ಚಯ ಆದ ಮೇಲೆ ಜಾಸ್ತಿ ದಿನ ಬಿಡಬಾರದು ಅನ್ನುತ್ತಾರೆ. ಮದುವೆಗೆ ಆಗದ ಆಟಿ ತಿಂಗಳು ಬರುವ ಮೊದಲು ಮುಗಿಸಿ, ಇಲ್ಲವಾದರೆ ಶ್ರಾವಣಕ್ಕಾದರೂ ಮಾಡಿ ಅಂತ ಅವಸರ. ಅದರಲ್ಲಿ ಒಂದು ಲೋಕಜ್ಞಾನ ಇದೆ, ಇಲ್ಲ ಅನ್ನುವುದಿಲ್ಲ. ಸಿನಿಮಾದಲ್ಲೂ ಮದುವೆಗೆ ಕಾಯುತ್ತಾ ಕಾಯುತ್ತಾ ವಯೊಲೆಟ್‌ಳ ಅಜ್ಜ-ಅಜ್ಜಿಯರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಾರೆ. ಆದರೆ ಮುರಿಯುವುದು ದಿನ ಜಾಸ್ತಿಯಾದ ಕಾರಣಕ್ಕೆ ಅಂತ ನನಗೆ ಅನ್ನಿಸುವುದಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಕರ್ನಾಟಕದವರು ಗಡಿ ಮುಚ್ಚಿದರು. ತಲಪಾಡಿಯಲ್ಲಿ ವಾಹನ ನಿಂತಿತು, ಒಳದಾರಿಗಳಿಗೆ ಮಣ್ಣು ಸುರಿದರು. ಆಸ್ಪತ್ರೆಗೆ ಹೋಗುವವರೇ ಒದ್ದಾಡಿದ ದಿನಗಳವು. ಆಗ ನಮ್ಮ ನೆಂಟರ ಮನೆಯ ಒಂದು ಮದುವೆಗೆ ಮುಹೂರ್ತ ಇಟ್ಟಾಗಿತ್ತು. ಹುಡುಗಿ ಈಚೆ, ಹುಡುಗ ಆಚೆ. ಛತ್ರ ಬೇಡ ಅಂತಾಯಿತು, ದಿನ ಮುಂದೆ ಹೋಯಿತು, ಮತ್ತೂ ಮುಂದೆ ಹೋಯಿತು. ಆ ಇಬ್ಬರೂ ಪ್ರತಿ ರಾತ್ರಿ ಫೋನಿನಲ್ಲಿ ಮಾತಾಡುತ್ತಿದ್ದರು. ಅವಳ ಅಪ್ಪನ ಬಿ.ಪಿ. ಎಷ್ಟಿದೆ, ಅವನ ಕಂಪೆನಿ ಯಾರನ್ನು ತೆಗೆಯಿತು, ಇಬ್ಬರಿಗೂ ಎಲ್ಲ ಗೊತ್ತಿರುತ್ತಿತ್ತು. ಕಾದದ್ದರಿಂದ ಅವರಿಗೆ ಏನೂ ಆಗಲಿಲ್ಲ. ಇವತ್ತು ಅವರ ಹಾಗೆ ಮನಬಿಚ್ಚಿ ಮಾತಾಡುವ ಗಂಡಹೆಂಡಿರು ನಮ್ಮ ನೆಂಟರಲ್ಲಿ ಕಡಿಮೆ.

ಟಾಮ್ ವಯೊಲೆಟ್ ಒಂದೇ ಮನೆಯಲ್ಲಿ ಇದ್ದರು. ನಡುವೆ ಚೆಕ್‌ಪೋಸ್ಟ್ ಇರಲಿಲ್ಲ. ಆದರೂ ಇವನಿಗೆ ಆದ ನಷ್ಟ ಅವಳಿಗೆ ತಿಳಿಯಲಿಲ್ಲ, ಅವಳಿಗೆ ಆದ ಭಯ ಇವನಿಗೆ ತಿಳಿಯಲಿಲ್ಲ. ಆ ಬಿರುಕಿನಲ್ಲೇ ಅವಳ ಪ್ರೊಫೆಸರ್ ವಿಂಟನ್ ಒಳಗೆ ಬರುತ್ತಾನೆ. ಒಂದು ಮುತ್ತು, ಒಂದು ತಪ್ಪೊಪ್ಪಿಗೆ, ಮದುವೆ ಮುರಿದುಬೀಳುತ್ತದೆ. ಈ ಭಾಗ ನನಗೆ ಅಷ್ಟೇನೂ ಹಿಡಿಸಲಿಲ್ಲ. ಟಾಮ್ ಕುಡಿದು ಹಿಮದಲ್ಲಿ ಬಿದ್ದು ಕಾಲಿನ ಬೆರಳು ಕಳೆದುಕೊಳ್ಳುವುದು, ವಿಂಟನ್ ಜೊತೆ ಹೊಡೆದಾಟ, ಎಲ್ಲ ಬರೀ ನಗಿಸುವುದಕ್ಕೆ ಹಾಕಿದ್ದು. ಎರಡು ಗಂಟೆಯ ಸಿನಿಮಾದಲ್ಲಿ ಅರ್ಧ ಗಂಟೆ ಇದಕ್ಕೇ ಹೋಗಿದೆ.

ಅದರ ನಡುವೆ ಅಕ್ಕತಂಗಿಯರ ಒಂದು ದೃಶ್ಯ ಮಾತ್ರ ಮರೆಯಲು ಆಗುವುದಿಲ್ಲ. ಸೂಸಿಯ ಮಗು ಎದುರಿಗೆ ಇದೆ. ಇವರಿಬ್ಬರಿಗೂ ಗಂಭೀರವಾದ ಮಾತಾಡಲು ಇದೆ. ಮಗುವಿಗಾಗಿ ಇಬ್ಬರೂ ಸೆಸಮಿ ಸ್ಟ್ರೀಟ್ ಎಂಬ ಮಕ್ಕಳ ಟಿ.ವಿ. ಕಾರ್ಯಕ್ರಮದ ಗೊಂಬೆಗಳ ದನಿಯಲ್ಲಿ, ಒಬ್ಬಳು ಎಲ್ಮೋ ಇನ್ನೊಬ್ಬಳು ಕುಕೀ ಮಾನ್‌ಸ್ಟರ್ ಆಗಿ, ಆ ಕಠಿಣ ಮಾತನ್ನೆಲ್ಲ ಆಡುತ್ತಾರೆ. ಗೊಂಬೆಯ ದನಿಯಲ್ಲಿ ಆಡಿದ್ದಕ್ಕೇ ಇರಬೇಕು, ಎದುರಾಎದುರು ಹೇಳಲಾಗದ ಮಾತುಗಳು ಹೊರಗೆ ಬರುತ್ತವೆ. ತಂಗಿ ನನ್ನ ತೋಳಿಗೆ ಒರಗಿ ನಕ್ಕಳು. ಆಮೇಲೆ ಮೆಲ್ಲಗೆ, “ಅಕ್ಕಾ, ನನಗೆ ಕೆಲಸ ಬಿಡಲು ಮನಸ್ಸಿಲ್ಲ. ಅವರಿಗೆ ಹೇಗೆ ಹೇಳುವುದು ಅಂತಲೇ ಗೊತ್ತಾಗುವುದಿಲ್ಲ” ಅಂದಳು. ಅಷ್ಟು ದಿನ ಅವಳು ನನಗೂ ಅದನ್ನು ಹೇಳಿರಲಿಲ್ಲ.

ಟಾಮ್‌ನ ಅಮ್ಮನ ಮಾತನ್ನೂ ಇಲ್ಲಿ ಹೇಳಬೇಕು. ನಾನೂ ನಿನ್ನ ಅಪ್ಪನೂ ನೂರಕ್ಕೆ ನೂರು ಹೊಂದುವವರಲ್ಲ, ಅರುವತ್ತು ಅಂತ ಇಟ್ಟುಕೋ, ಆದರೂ ನನ್ನ ಜೀವನದ ಪ್ರೀತಿ ಅವರೇ ಅನ್ನುವ ಅರ್ಥದ ಮಾತು. ನಮ್ಮ ಅಮ್ಮನಿಗೆ ನಾನು ಇದನ್ನು ಹೇಳಿದೆ. ಅಮ್ಮ ಹಲಸಿನ ಎಲೆಯ ಕೊಟ್ಟೆ ಕಟ್ಟುತ್ತಾ, “ಅರುವತ್ತು ಜಾಸ್ತಿಯೇ ಆಯಿತು” ಅಂದರು. ಅಪ್ಪ ಪಕ್ಕದಲ್ಲೇ ಪೇಪರ್ ಓದುತ್ತಿದ್ದರು, ಅವರೂ ತಲೆಯಾಡಿಸಿದರು.

ಸಿನಿಮಾದ ಕೊನೆಗೆ ನನ್ನ ತಕರಾರು ಇದೆ. ಬೇರೆಯಾದ ಮೇಲೆ ಟಾಮ್ ಸ್ಯಾನ್ ಫ್ರಾನ್ಸಿಸ್ಕೋಗೆ ಮರಳಿ ಟಾಕೋ ಎಂಬ ಮೆಕ್ಸಿಕೋದ ರೊಟ್ಟಿ ತಿಂಡಿ ಮಾರುವ ತನ್ನದೇ ಗಾಡಿ ಹಾಕುತ್ತಾನೆ, ಜನ ಸಾಲು ನಿಲ್ಲುತ್ತಾರೆ. ವಯೊಲೆಟ್‌ಗೆ ಆದದ್ದೇನು? ತನಗೆ ಸಿಕ್ಕ ಅಧ್ಯಾಪಕಿಯ ಹುದ್ದೆ ವಿಂಟನ್ ಜೊತೆಗಿನ ಸಂಬಂಧದ ಕಾರಣಕ್ಕೆ ಸಿಕ್ಕಿದ್ದು ಅಂತ ಅವಳಿಗೆ ತಿಳಿಯುತ್ತದೆ. ಅವನನ್ನು ಬಿಡುತ್ತಾಳೆ. ಅಜ್ಜಿಯ ಅಂತ್ಯಸಂಸ್ಕಾರಕ್ಕೆ ಟಾಮ್ ಬರುತ್ತಾನೆ, ಇಬ್ಬರೂ ಮತ್ತೆ ಒಂದಾಗುತ್ತಾರೆ. ಅಂದರೆ ಕತೆ ಬರೆದವರು ಅವಳ ಕೆಲಸದ ಬೆಲೆಯನ್ನು ಮೊದಲು ಇಳಿಸಿದರು, ಆಮೇಲೆ ಅವಳನ್ನು ಅವನ ಊರಿಗೆ ಕರೆದುಕೊಂಡು ಬಂದರು. ಹುದ್ದೆ ಅವಳ ಯೋಗ್ಯತೆಗೇ ಸಿಕ್ಕಿದ್ದರೆ, ಅವಳು ಅಲ್ಲಿ ಒಳ್ಳೆಯ ಕೆಲಸ ಮಾಡುತ್ತಿದ್ದರೆ, ಆಗ ಏನು ಮಾಡಬೇಕಿತ್ತು? ಐದು ವರ್ಷ ಆ ಪ್ರಶ್ನೆಯನ್ನೇ ಎತ್ತಿ ಹಿಡಿದ ಸಿನಿಮಾ ಕೊನೆಗೆ ಅದನ್ನು ಕೈಬಿಟ್ಟಿತು. ಟಾಮ್ ಕೆಲಸ ಬಿಟ್ಟಾಗ ಇಡೀ ಸಿನಿಮಾ ಅವನ ನೋವಿನ ಬಗ್ಗೆ ಆಯಿತು. ವಯೊಲೆಟ್ ಬಿಟ್ಟದ್ದರ ಬಗ್ಗೆ ಒಂದು ದೃಶ್ಯವೂ ಇಲ್ಲ.

ತಂಗಿ ಇದನ್ನು ಒಪ್ಪಲಿಲ್ಲ. ಕೊನೆಯಲ್ಲಿ ವಯೊಲೆಟ್ ತಾನೇ ಉಂಗುರ ಹಿಡಿದು ಅವನನ್ನು ಕೇಳುತ್ತಾಳಲ್ಲ, ಅದು ಅವಳಿಗೆ ತುಂಬಾ ಇಷ್ಟವಾಯಿತು. ಟಾಮ್ ಅಷ್ಟರಲ್ಲಿ ಒಂದು ಪಾರ್ಕಿನಲ್ಲಿ ನೆಂಟರನ್ನೆಲ್ಲ ಸೇರಿಸಿರುತ್ತಾನೆ. ಯಾವ ಬಟ್ಟೆ, ಯಾವ ವಾದ್ಯ, ಯಾವ ಪುರೋಹಿತರು ಅಂತ ಅವಳು ಅಲ್ಲೇ ಆರಿಸುತ್ತಾಳೆ, ಅಲ್ಲೇ ಮದುವೆ. “ಕೆಲಸ ಹೋಯಿತು ಅಂತ ಬಂದದ್ದಲ್ಲ ಅಕ್ಕಾ, ಕೇಳಬೇಕು ಅಂತ ಬಂದದ್ದು” ಅಂತ ಅವಳ ವಾದ. ಇರಬಹುದು. ನನಗೆ ಮಾತ್ರ ಆ ಬಯಲಿನ ಮದುವೆಯಾಗಿ ಆರು ತಿಂಗಳು ಕಳೆದ ಮೇಲಿನ ಒಂದು ಸೋಮವಾರವನ್ನು ತೋರಿಸಬೇಕಿತ್ತು. ಟಾಕೋ ಗಾಡಿ ಹೊರಡುವ ಹೊತ್ತಿಗೆ ವಯೊಲೆಟ್ ಎಲ್ಲಿಗೆ ಹೊರಡುತ್ತಾಳೆ ಅಂತ ನೋಡಬೇಕಿತ್ತು.

ಸಿನಿಮಾ ನೋಡಿದ ಮರುವಾರ ಹುಡುಗ ಬೆಂಗಳೂರಿನಿಂದ ಕಣ್ಣೂರು ರೈಲು ಹಿಡಿದು ಬಂದ. ಅಪ್ಪ ಮಂಗಳೂರಿಗೆ ಅಡಿಕೆ ಮಾರಲು ಹೋಗಿದ್ದರು, ಮನೆಯಲ್ಲಿ ನಾವು ಹೆಂಗಸರೇ. ಚಾ ಕೊಟ್ಟು ಅಮ್ಮನೂ ನಾನೂ ತೋಟದ ಕಡೆ ಹೋದೆವು. ಜಗಲಿಯಲ್ಲಿ ಅವರಿಬ್ಬರು ಏನು ಮಾತಾಡಿದರು ಅಂತ ಪೂರ್ತಿ ನನಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಬಹಳ ಹೊತ್ತಾಯಿತು. ನಡುವೆ ಒಮ್ಮೆ ತಂಗಿಯ ದನಿ ಏರಿದ್ದು ಬಾವಿಕಟ್ಟೆಯ ತನಕ ಕೇಳಿಸಿತು. ಅಮ್ಮ ಹೊರಟು ನಿಂತರು, ನಾನು ಕೈಹಿಡಿದು ನಿಲ್ಲಿಸಿದೆ.

ಮದುವೆ ಮೇ ತಿಂಗಳಿಗೆ, ಶಾಲೆಗೆ ರಜೆ ಇರುವಾಗ. ಜೂನಿನಲ್ಲಿ ಶಾಲೆ ಶುರುವಾಗುವಾಗ ತಂಗಿ ಪೆರ್ಲದಿಂದಲೇ ಹೋಗುತ್ತಾಳೆ. ಹುಡುಗ ಮಂಗಳೂರಿನಲ್ಲಿ ಕೆಲಸ ಹುಡುಕುತ್ತಿದ್ದಾನೆ, ಸಿಗುವ ತನಕ ವಾರದ ಕೊನೆಗೆ ಬಂದು ಹೋಗುವುದು ಅಂತ ಮಾತಾಗಿದೆ. ಇಬ್ಬರಿಗೂ ಕಷ್ಟವೇ, ಹುಡುಗನ ಅಪ್ಪಅಮ್ಮನಿಗೆ ಇನ್ನೂ ಪೂರ್ತಿ ಮನಸ್ಸಿಲ್ಲ. ಮಂಗಳೂರಿಗೆ ಬಂದರೆ ಸಂಬಳ ಕಡಿಮೆಯಾಗುತ್ತದೆ. ಎಷ್ಟು ಕಡಿಮೆಯಾಗುತ್ತದೆ, ಅದರಿಂದ ಅವನಿಗೆ ಎಷ್ಟು ಬೇಸರ ಇದೆ ಅಂತ ಅವನು ಅವಳಿಗೆ ಹೇಳಿದ್ದಾನೆ.